ದಾರ ಒದ್ದೆ ಮಾಡುವ ತುಟಿ

ನಮ್ಮ ಬೀದಿಯ ಟೈಲರಮ್ಮ ಮುಖ ಗಂಟು ಹಾಕಿಕೊಂಡು ತಿಂಗಳಾಗಿತ್ತು. ಗಿರಾಕಿ ಅಳತೆ ಕೊಟ್ಟರೆ ತಲೆಯಾಡಿಸುವಳು, ಬಟ್ಟೆ ಮುಗಿದಿದ್ದರೆ ಬೆರಳು ತೋರಿಸುವಳು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಜಂಬ ಬಂದಿದೆ ಎಂದರು ಕೆಲವರು. ಜಂಬವೂ ಇಲ್ಲ, ಗಿಂಬವೂ ಇಲ್ಲ. ಒಣ ಚಳಿಗೆ ಅವಳ ತುಟಿ ಒಡೆದು ಬಿರಿದಿತ್ತು. ನಕ್ಕರೆ ರಕ್ತ, ಮಾತಾಡಿದರೆ ಉರಿ.

ಅವಳ ಸಂಕಟ ಬೇರೆಯೇ ಇತ್ತು. ದಿನಾ ಮಧ್ಯಾಹ್ನ ಅವಳ ಅಕ್ಕ ಅಂಗಡಿಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿದುಕೊಡುತ್ತಿದ್ದಳು. ಇಬ್ಬರೂ ಒಂಟಿ ಜೀವಗಳು, ಆ ಎರಡು ಗಂಟೆಯೇ ಅವರ ಸಂಸಾರ. ತಂಗಿ ನಾಲ್ಕು ದಿನ ನಗಲಿಲ್ಲ, ಕೇಳಿದ್ದಕ್ಕೆ ಹೂಂ ಅನ್ನಲಿಲ್ಲ. ನಾನು ಬರುವುದು ಇವಳಿಗೆ ಬೇಡವಾಗಿದೆ ಎಂದುಕೊಂಡು ಅಕ್ಕ ಬರುವುದನ್ನೇ ಬಿಟ್ಟಳು. ಖಾಲಿ ಸ್ಟೂಲಿನ ಎದುರು ಮಿಷನ್ ತುಳಿಯುವ ಕಷ್ಟ ತುಳಿದವರಿಗೇ ಗೊತ್ತು.

ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ತಮ್ಮ ಕೋಟು ಬಿಗಿ ಮಾಡಿಸಲು ಬಂದರು. ಕಾಯುತ್ತಾ ಕೂತವರು ಟೈಲರಮ್ಮನನ್ನೇ ನೋಡಿದರು. ಸೂಜಿಗೆ ದಾರ ಪೋಣಿಸುವ ಮೊದಲು ತುದಿಯನ್ನು ತುಟಿಯಲ್ಲಿಟ್ಟು ಒದ್ದೆ ಮಾಡುವುದು, ಉಳಿದ ಹೊತ್ತು ನಾಲಿಗೆಯಿಂದ ತುಟಿ ಸವರಿಕೊಳ್ಳುವುದು, ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕೀಳುವುದು, ಇದೇ ನಡೆದಿತ್ತು.

“ಎಂಜಲು ಆರುವಾಗ ತುಟಿಯ ಪಸೆನೂ ಎಳ್ಕೊಂಡು ಹೋಗುತ್ತೆ. ನಿಮ್ಮ ತುಟಿನ ನೀವೇ ಒಣಗಿಸ್ತಾ ಇದ್ದೀರಿ” ಎಂದರು.

ಟೈಲರಮ್ಮ ನಂಬಲಿಲ್ಲ. ಒದ್ದೆ ಮಾಡಿದರೆ ಒಣಗುವುದೆಂಥದ್ದು? ಖಾರದ ಪುದೀನ ಮುಲಾಮು ಹಚ್ಚುತ್ತಿದ್ದೇನೆ, ಉರಿದರೆ ತಾನೇ ಮದ್ದು ಎಂದು ಕಷ್ಟಪಟ್ಟು ಹೇಳಿದಳು.

ಅದು ಗಾಯವನ್ನು ಇನ್ನೂ ಕೆರಳಿಸುತ್ತದೆ ಎಂದರು ನರ್ಸಮ್ಮ. ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ದಿನಕ್ಕೆ ನಾಲ್ಕೈದು ಸಲ ಹಚ್ಚಬೇಕು, ಮಲಗುವ ಮೊದಲು ಸ್ವಲ್ಪ ದಪ್ಪಗೆ. ದಾರ ಅದ್ದಲು ಒಂದು ಬಟ್ಟಲು ನೀರಿರಲಿ, ಕುಡಿಯಲು ಒಂದು ಚೊಂಬು. ಚಳಿಗಾಳಿಗೆ ಹೊರಟರೆ ಬಾಯಿಗೆ ಬಟ್ಟೆ. ಸಿಪ್ಪೆ ತಾನಾಗಿ ಬೀಳಲಿ. ಎರಡು ಮೂರು ವಾರದಲ್ಲಿ ಮಾಯದಿದ್ದರೆ, ಕೀವು ಬಂದರೆ, ಬಾಯಿಯ ಮೂಲೆ ಬಿರಿದರೆ ಕೇಂದ್ರಕ್ಕೆ ಬಂದುಬಿಡಬೇಕು.

ನೋಡೇಬಿಡೋಣ ಎಂದು ಟೈಲರಮ್ಮ ಜೆಲ್ಲಿ ತಂದಳು, ಬಟ್ಟಲಲ್ಲಿ ನೀರಿಟ್ಟಳು. ಆದರೂ ಮೊದಲ ಮೂರು ದಿನ ದಾರ ತನ್ನಷ್ಟಕ್ಕೆ ಬಾಯಿಗೇ ಹೋಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಬರೀ ಅಭ್ಯಾಸ, ಹೋಯಿತು. ಎರಡು ವಾರದಲ್ಲಿ ತುಟಿ ಮಾಯಿತು. ಅಕ್ಕ ಮಾತ್ರ ಬರಲಿಲ್ಲ. ಎಷ್ಟು ದಿನ ಅಂತ ಕಾಯುವುದು, ಟೈಲರಮ್ಮ ಅಂಗಡಿ ಬಾಗಿಲು ಹಾಕಿ ತಾನೇ ಅಕ್ಕನ ಮನೆಗೆ ಹೋದಳು.

“ಕೋಪ ಇರಲಿಲ್ಲ ಅಕ್ಕ. ತುಟಿ ಒಡೆದಿತ್ತು.”

ಅಕ್ಕ ಬಾಗಿಲಲ್ಲೇ ನಿಂತು ಅವಳ ಮುಖ ನೋಡಿದಳು. “ಒಂದು ಮಾತು ಹೇಳಬಾರ್ದಿತ್ತಾ?”

“ಮಾತಾಡಿದ್ರೆ ತಾನೇ ಉರೀತಿದ್ದಿದ್ದು.”

ಅಕ್ಕನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. “ತಿಂಗಳಿಡೀ ಗೋಡೆ ಜೊತೆ ಮಾತಾಡಿದೀನಿ ಕಣೇ” ಎಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಒಡೆದ ತುಟಿಯನ್ನು ಸಣ್ಣ ವಿಷಯ ಎಂದು ಬಿಡಬೇಡಿ. ನೆಕ್ಕಬೇಡಿ, ಕೀಳಬೇಡಿ. ಜೆಲ್ಲಿ ಹಚ್ಚಿ, ನೀರು ಕುಡಿಯಿರಿ, ಮಾಯದಿದ್ದರೆ ತೋರಿಸಿ. ನಿಮ್ಮವರು ಯಾರಾದರೂ ಇದ್ದಕ್ಕಿದ್ದಂತೆ ನಗುವುದು ಬಿಟ್ಟಿದ್ದರೆ, ಮುನಿಸಿಕೊಂಡು ದೂರ ಹೋಗುವ ಮೊದಲು ಹತ್ತಿರ ಹೋಗಿ ಏನಾಯಿತು ಎಂದು ಕೇಳಿ.