ಎರಡು ಮಾಡಿನ ಮನೆ

“ಆಯೀ, ಮನೆಯ ಮಾಡು ಹಾರಿಹೋಯ್ತು!”

ಮಗಳು ಹರಿಣಿ ಒಳಕೋಣೆಯಿಂದ ಕೂಗಿದಳು. ಆಗಷ್ಟೇ ಕೈಗಾ ಬಸ್ಸಿಳಿದು ಬಂದು ಚಹಾ ಕುಡಿಯುತ್ತಿದ್ದ ನಮ್ಮನೆಯವರು ಲೋಟ ಬಿಟ್ಟು ಅಂಗಳಕ್ಕೆ ಓಡಿದರು. ಕತ್ತೆತ್ತಿ ಮಾಡಿನ ಹೆಂಚುಗಳನ್ನೆಲ್ಲ ನೋಡಿ ಬಂದು, “ಎಲ್ಲಾ ಸರೀ ಅದ್ಯಲೇ!” ಎಂದರು.

“ಅದಲ್ಲ ಅಪ್ಪಾ, ಕಂಪ್ಯೂಟರ್‌ನಲ್ಲಿ!”

ಕಾರವಾರದಿಂದ ತಂದ ಹಳೆಯ ಕಂಪ್ಯೂಟರಿನಲ್ಲಿ ಅವಳು ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು ಪರದೆಯ ಮೇಲೆ ಮನೆ ಕಟ್ಟುತ್ತಿದ್ದಳು. ಮರುದಿನ ಅಂಕೋಲೆಯ ಅವಳ ಶಾಲೆಯಲ್ಲಿ ವಸ್ತುಪ್ರದರ್ಶನ. ಅಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಇವಳ ಮನೆ ಪೂರ್ತಿ ನಿಂತರೆ ಪರದೆಯ ಮೇಲೆ ಅದು, ಇಲ್ಲವಾದರೆ ಅವಳ ತರಗತಿಯ ಸಾತ್ವಿಕ ಬರೆದ ಮಗ್ಗಿಯ ಪ್ರೋಗ್ರಾಮ್.

ಕುಕ್ಕರ್ ಇಳಿಸಿ ಬಂದು ಪಕ್ಕ ಕುಳಿತೆ. ‘ಲೊಕೇಟ್’ ಎಂದು ಸಾಲಿನ ಸಂಖ್ಯೆ ಕೊಟ್ಟರೆ ಮಿಣುಕುವ ಕರ್ಸರ್ ಅಲ್ಲಿಗೆ ಹೋಗುತ್ತದೆ, ‘ಪ್ರಿಂಟ್’ ಎಂದರೆ ಅಲ್ಲಿ ಬರೆಯುತ್ತದೆ. ಮೊದಲ ಸಾಲಿಗೆ ಮಾಡು ಬಂತು. ಗೋಡೆ, ಕಿಟಕಿ ಬಂದವು. ಕೊನೆಯ ಸಾಲಿನಲ್ಲಿ ಜಗಲಿ ಮೂಡಿದ್ದೇ ತಡ, ಇಡೀ ಮನೆ ಒಂದು ಸಾಲು ಮೇಲಕ್ಕೆ ಜಿಗಿಯಿತು. ಮಾಡು ಮಾಯ.

“ಜಗಲಿ ಬರೆದಾದ್ಮೇಲೆ ಕರ್ಸರ್ ಇನ್ನೂ ಕೆಳಗೆ ಇಳೀಲಿಕ್ಕೆ ನೋಡ್ತದೆ ಆಯಿ. ಜಾಗ ಇಲ್ಲ. ಎಲ್ಲಾದನ್ನೂ ಮೇಲೆ ದೂಡ್ತದೆ.” ಅವಳ ಕಣ್ಣು ತುಂಬಿತ್ತು.

“ಅಳಬೇಡ ತಂಗಿ. ಹಾರೋದು ಹಾರ್ಲಿ. ಮೇಲೆ ಇನ್ನೊಂದು ಮಾಡು ಹೊದಿಸು,” ಎಂದೆ.

ಗೋಡೆಯನ್ನು ಒಂದು ಸಾಲು ಗಿಡ್ಡ ಮಾಡಿ ಹೊದಿಸಿದಳು. ಮೇಲಿನದು ಹಾರಿತು, ಅಡಿಯದು ಉಳಿಯಿತು.

“ಇಷ್ಟಕ್ಕೆ ನನ್ನ ಚಹಾ ಆರಿಸಿದ್ರಿ,” ಎಂದರು ಇವರು.

ಮರುದಿನ ನಾನೂ ಹೋದೆ. ಕಂಪ್ಯೂಟರ್ ಕಲಿಸುವ ಸಪ್ನಾ ಟೀಚರ್, ಹರಿಣಿ ಬರೆದದ್ದನ್ನು ನೋಡಿ, “ಕೊನೇ ಪ್ರಿಂಟಿನ ತುದಿಗೆ ಸೆಮಿಕೋಲನ್ ಮರ್ತಿದ್ಯಲೇ. ಹಾಕಿದ್ರೆ ಕರ್ಸರ್ ಅಲ್ಲೇ ನಿಲ್ತದೆ,” ಎಂದು ತಾವೇ ಅದನ್ನು ಒತ್ತಿಬಿಟ್ಟರು. ಅಷ್ಟರಲ್ಲಿ ಬಹುಮಾನ ನಿರ್ಧರಿಸುವ ಪುಂಡಲೀಕ ಮಾಸ್ತರರು ಬಂದೇಬಿಟ್ಟರು.

ಹರಿಣಿ ಕೀಲಿ ಒತ್ತಿದಳು. ಮನೆ ಚೂರೂ ಅಲುಗದೆ ನಿಂತಿತು, ಎರಡೂ ಮಾಡುಗಳ ಸಮೇತ.

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. “ಒಂದು ಮನೆಗೆ ಎರಡು ಮಾಡು ಎಂತಕ್ಕೆ?”

ಮಗಳು ನನ್ನತ್ತ ನೋಡಿದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ.

“ಒಂದು ಸೋರ್ತದೆ ಸರ್.”

ಮಾಸ್ತರರು ಗಟ್ಟಿಯಾಗಿ ನಕ್ಕರು. “ನಮ್ಮನೇದೂ ಸೋರ್ತದೆ ಮಾರಾಯ್ತಿ! ಈ ಮನೆ ಪರದೆ ಮೇಲೇ ಇರ್ಲಿ.”

ಅವರು ಅತ್ತ ಹೋದದ್ದೇ ಟೀಚರ್ ಮೇಲಿನ ಮಾಡು ಅಳಿಸಲು ಬಗ್ಗಿದರು. ಹರಿಣಿ ಕೀಲಿಮಣೆಯ ಮೇಲೆ ಎರಡೂ ಕೈ ಹರವಿದಳು.

“ಬೇಡ ಟೀಚರ್. ಅದು ನಮ್ಮ ಆಯಿ ಹೊದಿಸಿದ್ದು.”