ಮೇಲಿಂದ ಏಳನೆಯದು

ಹನ್ನೆರಡೂ ನಲವತ್ತಕ್ಕೆ ಮೂರನೆಯ ಫೋನು ಬಂದಾಗ ಫಾರ್ಮಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಡಯಾಲಿಸಿಸ್ ಕೇಂದ್ರದ ಆನ್‌ಲೈನ್ ಫಾರ್ಮುಗಳನ್ನೆಲ್ಲ ಮಾಡಿದವಳು ಅವಳೇ. ಫಾರ್ಮಮ್ಮ ಎಂಬ ಹೆಸರು ಅಲ್ಲಿಯವರೇ ಇಟ್ಟದ್ದು. ಮೂವರದೂ ಒಂದೇ ಬಗೆಯ ದೂರು. "ನಾನು ಆರಿಸಿದ್ದು ಶಾಲೆ ಗೇಟು. ಮೆಸೇಜಲ್ಲಿ ಅಂಚೆ ಕಚೇರಿ ಅಂತ ಬಂದಿದೆ. ವ್ಯಾನು ಎಲ್ಲಿಗಮ್ಮ ಬರೋದು?"

ರೋಗಿಗಳನ್ನು ಕರೆತರುವ ವ್ಯಾನು ಹೊರಡುವುದು ಒಂದು ಗಂಟೆಗೆ.

ಫಾರ್ಮಿನಲ್ಲಿ ಒಂದು ಬಾಕ್ಸು. ಅದನ್ನು ಒತ್ತಿದರೆ ನಿಲ್ದಾಣಗಳ ಪಟ್ಟಿ ಕೆಳಗೆ ಬಿಚ್ಚಿಕೊಳ್ಳುತ್ತದೆ. ಆ ಪಟ್ಟಿಯನ್ನು ಅವಳು ಕೈಯಾರೆ ಬರೆದಿರಲಿಲ್ಲ. ವ್ಯಾನ್ ಕಚೇರಿಯವರು ತಮ್ಮ ಹಾಳೆಯಲ್ಲಿ ಏನು ಬದಲಿಸಿದರೂ ಮರುಗಳಿಗೆಯಲ್ಲೇ ಬಾಕ್ಸಿನಲ್ಲಿ ಕಾಣಬೇಕು ಎಂದು ಜೋಡಿಸಿದ್ದಳು. ಅದು ಸರಿಯಾಗಿಯೇ ನಡೆಯುತ್ತಿತ್ತು. ಎಡವಿದ್ದು ಬೇರೆ ಕಡೆ: ರೋಗಿ ಆರಿಸಿದ ನಿಲ್ದಾಣದ ಹೆಸರನ್ನು ಉಳಿಸಿಕೊಳ್ಳುವ ಬದಲು, ಅದು ಮೇಲಿಂದ ಎಷ್ಟನೆಯದು ಎಂಬುದನ್ನಷ್ಟೇ ಉಳಿಸಿದ್ದಳು.

ವ್ಯಾನುಗಳ ಉಸ್ತುವಾರಿ ಮೇಷ್ಟ್ರದು. ಎಲ್ಲರಿಗೂ ಪಾಠ ಹೇಳುವ ಚಾಳಿಯಿಂದ ಬಂದ ಹೆಸರು. ಅವರಿಗೆ ಫೋನು ಮಾಡಿದಳು.

"ಹೌದು, ಹೊಸ ನಿಲ್ದಾಣ ಸೇರಿಸಿದೆ. ಎಲ್ಲರ ಕಣ್ಣಿಗೆ ಬೀಳ್ಲಿ ಅಂತ ಮೇಲೇ ಹಾಕಿದೆ."

"ಎಷ್ಟು ಹೊತ್ತಿಗೆ ಹಾಕಿದ್ರಿ?"

"ಟೀ ಕುಡಿದ ಮೇಲೆ."

"ಟೀ ಎಷ್ಟು ಗಂಟೆಗೆ?"

"ಹತ್ತೂವರೆ ಇರ್ಬೇಕು. ಹನ್ನೊಂದೂ ಇರ್ಬಹುದು. ಟೀ ಕುಡಿಯೋವಾಗ ಗಡಿಯಾರ ನೋಡೋ ಜನ ಅಲ್ಲ ನಾವು."

ಮೇಲೆ ಒಂದು ಸೇರಿದ್ದರಿಂದ, ಹತ್ತೂವರೆಗೆ ಮುಂಚೆ ಆರಿಸಿದವರೆಲ್ಲ ಒಂದು ನಿಲ್ದಾಣ ಜಾರಿದ್ದರು. ಹನ್ನೊಂದರ ನಂತರದವರು ಸರಿಯಾಗಿದ್ದರು. ನಡುವಿನ ನಾಲ್ವರದೇ ಗೋಜಲು. ಅವರಲ್ಲಿ ಮೂವರು ಫೋನಿಗೆ ಸಿಕ್ಕು ತಮ್ಮ ನಿಲ್ದಾಣ ಹೇಳಿದರು. ನಾಲ್ಕನೆಯವರು ಅವಳ ಸ್ವಂತ ದೊಡ್ಡಮ್ಮ. ಹತ್ತೂ ನಲವತ್ತಕ್ಕೆ ಆರಿಸಿದ್ದರು, ಮೇಲಿಂದ ಏಳನೆಯದು.

ಬೆಳಗಿನ ಪಟ್ಟಿಯಂತೆ ಏಳನೆಯದು ನೀರಿನ ಟ್ಯಾಂಕು. ಈಗಿನದರಂತೆ ಗಿರಣಿ ಬಾಗಿಲು. ಕಾಲು ನೋಯುವ ದಿನ ದೊಡ್ಡಮ್ಮ ಮನೆಯೆದುರಿನ ಟ್ಯಾಂಕಿನ ಹತ್ತಿರವೇ ನಿಲ್ಲುತ್ತಿದ್ದರು. ನೋಯದ ದಿನ ಔಷಧಿ ಅಂಗಡಿಗೆ ಹೋಗಿ ಹಾಗೇ ಗಿರಣಿ ಬಾಗಿಲಿಗೆ. ಇವತ್ತು ಕಾಲು ಹೇಗಿದೆಯೋ ಯಾರಿಗೆ ಗೊತ್ತು? ಫೋನು ರಿಂಗಾಗುತ್ತಲೇ ಇತ್ತು. ಅದನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟು ಹೊರಡುವುದು ಅವರ ಅಭ್ಯಾಸ. ಜ್ವರ ಬಂದು ಹಿಂದಿನ ಸರದಿ ತಪ್ಪಿತ್ತು, ಮುಖ ಊದಿಕೊಂಡಿತ್ತು. ಒಂದೂವರೆಯೊಳಗೆ ಬಂದು ಕೂರದಿದ್ದರೆ ಡಯಾಲಿಸಿಸ್ ಕುರ್ಚಿ, ಕಾಯುತ್ತಿರುವ ಇನ್ನೊಬ್ಬರಿಗೆ; ಮತ್ತೆ ಸರದಿ ಬರುವುದು ಮೂರು ದಿನಕ್ಕೆ. ಮೂರು ದಿನ ತಡೆಯುವ ಸ್ಥಿತಿ ಅವರದಲ್ಲ ಎಂದು ನರ್ಸ್ ಮೊನ್ನೆಯೇ ಹೇಳಿದ್ದಳು.

ಯಾರು ಎಲ್ಲಿ ಹತ್ತುತ್ತಾರೆಂಬ ಪಟ್ಟಿಯನ್ನು ಕೈಯಾರೆ ತಿದ್ದಿ ಡ್ರೈವರನಿಗೆ ಕಳಿಸಿ, ದೊಡ್ಡಮ್ಮನ ಮುಂದೆ ಟ್ಯಾಂಕು ಎಂದು ಬರೆದು, ತಾನು ಸ್ಕೂಟರ್ ಹತ್ತಿ ಗಿರಣಿಯ ಕಡೆ ಹೊರಟಳು. ಅರ್ಧ ದಾರಿಯಲ್ಲಿ ಸಿಗ್ನಲ್ಲು. ಕೆಂಪು ದೀಪಕ್ಕೆ ಅವತ್ತೇ ಎಲ್ಲಿಲ್ಲದ ತಾಳ್ಮೆ. ಅಲ್ಲಿಗೇ ಡ್ರೈವರನ ಫೋನು.

"ಟ್ಯಾಂಕ್ ಹತ್ರ ಯಾರೂ ಇಲ್ಲ ಮೇಡಂ. ಕಾಯ್ಲಾ?"

ಕಾಯಿಸಿದರೆ ಉಳಿದವರೂ ತಡ. ಗಿರಣಿಯಲ್ಲೂ ಇಲ್ಲದಿದ್ದರೆ? ಹಿಂದಿನ ಗಾಡಿಯವನು ಹಾರ್ನ್ ಒತ್ತಿದ.

"ಬೇಡ. ಹೊರಡಿ," ಎಂದಳು.

ಗಿರಣಿಯ ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ದೊಡ್ಡಮ್ಮ ಕೂತಿದ್ದರು.

"ಏನೇ, ನೀನ್ಯಾಕೆ ಬಂದೆ? ವ್ಯಾನೆಲ್ಲಿ?"

"ನಾನೇ ವ್ಯಾನು. ಹತ್ತಿ ದೊಡ್ಡಮ್ಮ, ಬೇಗ."

"ನೀನು ಓಡಿಸೋದು ನೋಡಿದ್ರೆ, ಕಿಡ್ನಿ ಆಮೇಲೆ, ಮೊದ್ಲು ಎದೆ ನಿಲ್ಲುತ್ತೆ."

ಬೈಯುತ್ತಲೇ ಹತ್ತಿದರು. ಒಂದೂ ಇಪ್ಪತ್ತಾರಕ್ಕೆ ಕುರ್ಚಿಯಲ್ಲಿದ್ದರು. ನರ್ಸ್ ಸೂಜಿ ಹಾಕುವವರೆಗೂ ಫಾರ್ಮಮ್ಮ ಬಾಗಿಲಲ್ಲೇ ನಿಂತು, ಆಮೇಲೆ ಕೇಳಿದಳು, "ಫಾರ್ಮಲ್ಲಿ ಎಷ್ಟನೇದು ಒತ್ತಿದ್ರಿ, ನೆನಪಿದ್ಯಾ?"

"ಎಷ್ಟನೇದು ಅಂತ ಯಾರು ಎಣಿಸ್ತಾರೆ? ಗಿರಣಿ ಅಂತ ಇತ್ತು, ಒತ್ತಿದೆ."

ಅವಳು ಹೊರಗೆ ಬಂದು ಮೇಷ್ಟ್ರಿಗೆ ಫೋನು ಮಾಡಿದಳು.

"ಸಂಜೆವರೆಗೂ ಆ ಹಾಳೆ ಮುಟ್ಟಬೇಡಿ. ಹೆಸರೇ ಉಳಿಯೋ ಹಾಗೆ ಮಾಡ್ತೀನಿ."

"ಅಯ್ಯೋ, ಈಗಷ್ಟೇ ಇನ್ನೊಂದು ಹಾಕಿದೆನಲ್ಲ. ಮೇಲೆ ಹಾಕಿದ್ರೆ ತೊಂದರೆ ಅಂತ ಈ ಸಲ ನಡುವೆ ಹಾಕಿದೀನಿ."

ನಾಳೆಯ ಬುಕಿಂಗ್ ತೆರೆದು ಹತ್ತು ನಿಮಿಷವಾಗಿತ್ತು. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು, ಮೊದಲು ಫಾರ್ಮನ್ನು ಮುಚ್ಚಿ, ಆಮೇಲೆ ಅಷ್ಟರಲ್ಲಿ ಆರಿಸಿದ್ದ ಐವರಿಗೆ ಒಬ್ಬೊಬ್ಬರಾಗಿ ಫೋನು ಮಾಡತೊಡಗಿದಳು.