ದಡದ ಮುದುಕಿಯ ನಲವತ್ತು ಅಕ್ಷರ

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಬಾಗಿಲು ಕಾಯುವವರು ಯಾವಾಗಲೂ ಮುದುಕಿಯರೇ. ಗುಡ್ಡದ ಬಾಗಿಲಿಗೊಬ್ಬಳು, ಹೊಳೆಯ ಬಾಗಿಲಿಗೊಬ್ಬಳು, ಚಳಿಗಾಲದ ಬಾಗಿಲಿಗೊಬ್ಬಳು. ಹಾಗಾಗಿ ‘ದೀಪದ ದೋಣಿ’ ಎಂಬ ಗೇಮಿನಲ್ಲೂ ದಡದ ಮೇಲೆ ಒಬ್ಬಳು ಮುದುಕಿ ಕೂತಿರುವುದನ್ನು ಕಂಡಾಗ ನನಗೆ ನೆಂಟರ ಮನೆಗೆ ಹೋದ ಹಾಗಾಗಿತ್ತು.

ಆ ಗೇಮು ಹೀಗೆ. ಏಳು ದ್ವೀಪಗಳ ಆರಿಹೋದ ದೀಪಗಳನ್ನು ಒಂದೊಂದಾಗಿ ಹೊತ್ತಿಸುತ್ತ ದೋಣಿ ನಡೆಸಬೇಕು. ಆಟ ನಿಲ್ಲಿಸುವಾಗ ದಡದ ಮುದುಕಿ ನಲವತ್ತು ಅಕ್ಷರ ಹೇಳುತ್ತಾಳೆ, ಒಂದಕ್ಕೂ ಅರ್ಥವಿಲ್ಲ. ಮತ್ತೆ ಆಡಲು ಬಂದಾಗ ಆ ನಲವತ್ತನ್ನೂ ತಪ್ಪಿಲ್ಲದೆ ಒಪ್ಪಿಸಿದರೆ ನಿಮ್ಮ ದೋಣಿ, ನಿಮ್ಮ ಹೆಸರು, ನೀವು ಹೊತ್ತಿಸಿದ ದೀಪಗಳು ನಿಮಗೆ ಸಿಗುತ್ತವೆ. ಒಂದು ತಪ್ಪಿದರೂ “ಈ ದೋಣಿಯನ್ನು ನಾನು ಕಾಣೆ” ಎಂದು ಮುಖ ತಿರುಗಿಸುತ್ತಾಳೆ. ಮೂವತ್ತು ವರ್ಷದ ಹಿಂದಿನ ಅಂಗೈ ಯಂತ್ರಗಳಿಗೆ ನೆನಪಿನ ಶಕ್ತಿ ಕಡಿಮೆ. ನೆನಪಿಟ್ಟುಕೊಳ್ಳುವ ಕೆಲಸ ಆಡುವವರದ್ದೇ.

ನನ್ನಜ್ಜಿ ಕಿನುಯೆ ಆಗ ತಕಾಮಾತ್ಸು ಬಂದರಿನಲ್ಲಿ ಆಚೆ ದಡಕ್ಕೆ ಹೋಗುವ ಹಡಗಿನ ಟಿಕೆಟ್ ಕೊಡುತ್ತಿದ್ದಳು. ದೊಡ್ಡ ಸೇತುವೆ ಬಂದ ಮೇಲೆ ಹಡಗಿಗೆ ಜನ ಕಡಿಮೆಯಾದರು. ಒಂದು ಹಡಗು ಹೋಗಿ ಇನ್ನೊಂದು ಬರುವವರೆಗೆ ಮಾಡಲು ಕೆಲಸವಿಲ್ಲ. ಅಮ್ಮ ಆಡಿ ಬಿಟ್ಟ ಅಂಗೈ ಯಂತ್ರವನ್ನು ಅಜ್ಜಿ ಟಿಕೆಟ್ ಕಿಂಡಿಯ ಕೆಳಗೆ ಇಟ್ಟುಕೊಂಡು, ಕಿನು ಎಂಬ ಹೆಸರಿನಲ್ಲಿ ಆರು ದೀಪ ಹೊತ್ತಿಸಿದಳಂತೆ. ಏಳನೆಯದಕ್ಕೆ ಹೊರಡುವಷ್ಟರಲ್ಲಿ ನಾನು ಹುಟ್ಟಿದೆ. ಅಪ್ಪ ಅಮ್ಮ ಇಬ್ಬರಿಗೂ ಒಕಾಯಾಮಾದಲ್ಲಿ ಕೆಲಸ, ನಾನು ಅಜ್ಜಿಯ ಮಡಿಲಿಗೆ. ಆಟ ಅಲ್ಲಿಗೇ ನಿಂತಿತು. ಮುದುಕಿಯ ನಲವತ್ತು ಅಕ್ಷರ ಮಾತ್ರ ಒಂದು ಕ್ಯಾಲೆಂಡರ್ ಹಾಳೆಯ ಹಿಂದೆ, ಅಜ್ಜಿಯ ಹೊಲಿಗೆ ಡಬ್ಬಿಯಲ್ಲಿ ಉಳಿಯಿತು.

ಈಗ ನನಗೆ ಇಪ್ಪತ್ತಾರು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಹೋಗಿಬರುವ ರೈಲಿನಲ್ಲಿ ಗೇಮ್ ಆಡುತ್ತೇನೆ, ಆಡಿದ್ದರ ಬಗ್ಗೆ ಅಂತರ್ಜಾಲದಲ್ಲಿ ಒಂದು ಪುಟ ಬರೆಯುತ್ತೇನೆ. ಹಳೆಯ ಯಂತ್ರದ ಆಟವನ್ನು ಹೊಸ ಯಂತ್ರಕ್ಕೆ ತರುವುದನ್ನು ಬೇರೆ ಕಡೆ ಪೋರ್ಟ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಅದಕ್ಕೆ ನಾಟಿ ಎಂದೇ ಹೆಸರು, ಸಸಿಮಡಿಯಿಂದ ಕಿತ್ತು ಗದ್ದೆಗೆ ನೆಟ್ಟ ಹಾಗೆ. ನನ್ನ ಪುಟ ನಾಟಿಯಾದ ಆಟಗಳದ್ದೇ. ಬೇರು ಹಿಡಿದಿದೆಯೋ ಬಾಡಿದೆಯೋ ನೋಡಿ, ಐದು ಬಟ್ಟಲು ಉದೊನ್ ಎಂಬ ಸಾರಿನ ಶಾವಿಗೆಗೆ ಇಷ್ಟು ಬಟ್ಟಲು ಎಂದು ಅಂಕ ಕೊಡುತ್ತೇನೆ. ಟೀವಿಯಲ್ಲಿ ಆಡುವ ಆಟವನ್ನು ಅಂಗೈಗೆ ಇಳಿಸಿ ಅಕ್ಷರಗಳನ್ನು ಇರುವೆ ಮಾಡಿದವರಿಗೆ ಒಂದು ಬಟ್ಟಲು. ಹಳೆಯ ಸಂಗೀತವನ್ನು ಉಜ್ಜಿ ತೊಳೆದು ಜೀವ ತೆಗೆದವರಿಗೆ ಬರೀ ಸಾರು. ಮುನ್ನೂರು ಜನ ಓದುತ್ತಾರೆ. ಮುನ್ನೂರು ಜನರಿಗೂ ನಾನು ಗಯ್ಯಾಳಿ ಎಂದೇ ಗೊತ್ತು.

ಅಜ್ಜಿಗೆ ಎಪ್ಪತ್ತೆಂಟು. ಹತ್ತು ವರ್ಷದಿಂದ ಬಡಾವಣೆಯ ಗ್ರಂಥಾಲಯದಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಕಥೆ ಹೇಳುತ್ತಿದ್ದಳು. ಹೋದ ತಿಂಗಳು ರೂಪ ಬದಲಿಸುವ ತನುಕಿ ಎಂಬ ಕಾಡುಪ್ರಾಣಿಯ ಕಥೆ ಹೇಳುತ್ತ ಹೇಳುತ್ತ, ದಾರಿ ತಪ್ಪಿ ನರಿಯ ಮದುವೆಯ ಕಥೆಯೊಳಗೆ ಹೊಕ್ಕುಬಿಟ್ಟಳು. ಒಬ್ಬಳು ಹುಡುಗಿ ಎದ್ದು, ಅಜ್ಜಿ, ಇವರು ಬೇರೆ ಕಥೆಯವರು ಅಂದಳಂತೆ. ಅಜ್ಜಿ ಮನೆಗೆ ಬಂದು ಬೆರೆತುಹೋದ ಕಥೆಯನ್ನು ನನಗೆ ಹೇಳಿದಳು, ನಗಲಿಲ್ಲ. ವೈದ್ಯರು ಪ್ರಶ್ನೆ ಕೇಳಿ, ಗಡಿಯಾರದ ಚಿತ್ರ ಬರೆಸಿ, ತಲೆ ಚೆನ್ನಾಗಿಯೇ ಇದೆ ಎಂದರು. ಅಜ್ಜಿ ನಂಬಲಿಲ್ಲ. ಗಡಿಯಾರ ಯಾರು ಬೇಕಾದರೂ ಬರೆಯುತ್ತಾರೆ ಎಂದಳು. ಶನಿವಾರದ ಕೆಲಸ ಬಿಡುತ್ತೇನೋ ಇಲ್ಲವೋ ಎಂದು ಶುಕ್ರವಾರದೊಳಗೆ ಗ್ರಂಥಾಲಯಕ್ಕೆ ತಿಳಿಸಬೇಕಾಗಿತ್ತು.

ಅದೇ ವಾರ ‘ದೀಪದ ದೋಣಿ’ ನಾಟಿಯಾಗಿ ಬಂತು. ಹಳೆಯ ಅಕ್ಷರಗಳನ್ನು ಹೊಸ ಮುದುಕಿಯೂ ಒಪ್ಪುತ್ತಾಳೆ ಎಂದು ಅದನ್ನು ತಂದವರು ಬರೆದಿದ್ದರು. ಅಜ್ಜಿ ಹೊಲಿಗೆ ಡಬ್ಬಿಯಿಂದ ಹಾಳೆ ತೆಗೆದು ನನ್ನ ಮುಂದಿಟ್ಟಳು.

“ಇದನ್ನ ನಾನು ಭೂತಗನ್ನಡಿ ಇಟ್ಕೊಂಡು ಒಂದೊಂದೇ ಅಕ್ಷರ ನೋಡಿ ಬರ್ಕೊಂಡಿದ್ದು, ಮಿಫುಯು. ತಪ್ಪಿರಲ್ಲ. ಆ ಮುದುಕಿ ನನ್ನ ಗುರುತು ಹಿಡಿದ್ರೆ ಶನಿವಾರ ಹೋಗ್ತೀನಿ. ಹಿಡೀದೇ ಇದ್ರೆ ಇಲ್ಲ.”

ಇದೆಂಥ ಪರೀಕ್ಷೆ ಎಂದು ನಾನು ನಕ್ಕೆ. ಅಜ್ಜಿ ನಗದೆ ಕೂತಿದ್ದಳು. ನನ್ನ ನಗು ಅಲ್ಲೇ ಒಣಗಿತು.

ಹಾಳೆಯ ಮೇಲೆ ಐದೈದು ಅಕ್ಷರದ ಎಂಟು ಸಾಲು. ಒಂದೊಂದನ್ನೇ ಒತ್ತಿದೆ. ಹೊ ನೆ ಬಿ ಮೊ ಬ. ರು ಕೊ ನು ಬೆ ಬೊ. ನಲವತ್ತೂ ಮುಗಿದವು. ಹೊಸ ಬಣ್ಣ ಬಳಿದುಕೊಂಡ ಮುದುಕಿ ತಲೆಯೆತ್ತಿ ನೋಡಿದಳು.

ಈ ದೋಣಿಯನ್ನು ನಾನು ಕಾಣೆ.

ಎರಡನೇ ಸಲವೂ ಅದೇ ಮಾತು. ನಾನು ಹಿಂದುಮುಂದು ನೋಡದೆ ನಾಟಿಯನ್ನು ಬೈದೆ. ಈ ಕಾಲದವರಿಗೆ ಹಳೆಯದರ ಬೆಲೆ ಗೊತ್ತಿಲ್ಲ, ಕಿತ್ತು ನೆಡುವಾಗ ಬೇರನ್ನೇ ಕತ್ತರಿಸಿದ್ದಾರೆ ಎಂದೆ. ಹೇಳಿದ್ದಷ್ಟೇ ಅಲ್ಲ, ಪುಟದಲ್ಲಿ ಬರೆದೂ ಬಿಟ್ಟೆ. ಶೂನ್ಯ ಬಟ್ಟಲು. ಇದ್ದಿರಬಹುದಪ್ಪ ಎಂದಷ್ಟೇ ಹೇಳಿ ಅಜ್ಜಿ ಅಡುಗೆಮನೆಗೆ ಹೋದಳು. ಆದರೆ ಅವಳ ಹೆಗಲು ಸ್ವಲ್ಪ ಸಡಿಲವಾಗಿದ್ದು ನನಗೆ ಕಂಡಿತು.

ಮಾರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಸೋಗಾಯ್ ಮಾಮನ ಅಂಗಡಿಗೆ ಹೋದೆ. ಅವರು ಮೇಲೆ ಚಾವಣಿ ಹೊದಿಸಿದ ಪೇಟೆಬೀದಿಯಲ್ಲಿ ಹಳೆಯ ಗೇಮುಗಳನ್ನು ಮಾರುವವರು. ನನ್ನ ಬರಹವನ್ನು ಆಗಲೇ ಓದಿದ್ದರು. ಮಾತಾಡದೆ ಬೂದು ಬಣ್ಣದ ಹಳೆಯ ಯಂತ್ರವೊಂದನ್ನು ತೆಗೆದು, ಅಸಲಿ ‘ದೀಪದ ದೋಣಿ’ಯನ್ನು ಅದರ ಬೆನ್ನಿಗೆ ಸಿಕ್ಕಿಸಿ ನನ್ನ ಕೈಗಿಟ್ಟರು. ನನ್ನ ಫೋನಿನಲ್ಲಿದ್ದ ಹಾಳೆಯ ಚಿತ್ರ ನೋಡಿಕೊಂಡು ಅಕ್ಷರ ಒತ್ತಿದೆ. ಹಳೆಯ ಮುದುಕಿಯೂ ಮುಖ ತಿರುಗಿಸಿದಳು.

“ನೋಡಿದ್ಯಾ,” ಎಂದರು ಮಾಮ. “ಗದ್ದೆ ಸರಿಯಾಗೇ ಇದೆ. ಸಸಿನೇ ಸರಿ ಇಲ್ಲ.”

ಆಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿ ಜೋರಾಗಿ ನಕ್ಕರು. ನಮ್ಮ ಜಪಾನೀ ಲಿಪಿಯಲ್ಲಿ ಹ ಎಂಬ ಅಕ್ಷರದ ಹೆಗಲಿಗೆ ಎರಡು ಚುಕ್ಕೆ ಇಟ್ಟರೆ ಬ, ಪುಟ್ಟ ಸೊನ್ನೆ ಇಟ್ಟರೆ ಪ. ಹಿ, ಹು, ಹೆ, ಹೊ ಅಕ್ಷರಗಳಿಗೂ ಅದೇ ನಿಯಮ. ಅಜ್ಜಿಯ ಹಾಳೆಯಲ್ಲಿ ಶಾಯಿ ಹರಡಿ, ಅವು ಚುಕ್ಕೆಗಳೋ ಸೊನ್ನೆಯೋ ಹೇಳುವಂತಿರಲಿಲ್ಲ. ನಾನು ಕಂಡಕಂಡಲ್ಲೆಲ್ಲ ಬ ಅಂದುಕೊಂಡಿದ್ದೆ.

“ಕನ್ನಡಕ ಮಾರೋಳಿಗೇ ಕಣ್ಣು ಕಾಣ್ಸಲ್ವಲ್ಲೇ. ನಮ್ಮ ಕಾಲದಲ್ಲಿ ಊರಿನ ಅರ್ಧ ಜನ ಈ ಬ-ಪ ಗೊಂದಲದಲ್ಲೇ ಮುಳುಗಿಹೋದ್ರು.”

ಎಣಿಸಿದೆವು. ಅಂಥ ಅನುಮಾನದ ಜಾಗ ಆರು. ಬ ಆದರೆ ಒಂದು, ಪ ಆದರೆ ಇನ್ನೊಂದು. ಒಟ್ಟು ಅರವತ್ತನಾಲ್ಕು ಬಗೆ. ಅರವತ್ತನಾಲ್ಕು ಸಲ ನಲವತ್ತು ಅಕ್ಷರ ಒತ್ತಿದರೆ ಆಯಿತಲ್ಲ ಎಂದು ಹಗುರಾಗಿ ಮನೆಗೆ ಬಂದು ಅಜ್ಜಿಗೆ ಹೇಳಿದೆ. ನಾಟಿಯದ್ದೇನೂ ತಪ್ಪಿಲ್ಲವಂತೆ ಎಂದು ನನ್ನ ಬಾಯಿಂದ ಬರುತ್ತಿದ್ದಂತೆ, ಇದನ್ನು ಹೇಳಬಾರದಿತ್ತು ಎಂದು ಹೊಳೆಯಿತು. ನಾಟಿಯ ತಪ್ಪಲ್ಲ ಅಂದರೆ ತಪ್ಪು ಯಾರದ್ದು ಎಂದು ಕೇಳುವ ಮುಖ ಅಜ್ಜಿಯದ್ದು.

ಹಾಳೆ ಹಿಡಿದು ಅವಳೂ ನೋಡಿದಳು. ಭೂತಗನ್ನಡಿ ಇಟ್ಟು ನೋಡಿದಳು. ಯಾವುದು ಚುಕ್ಕೆ, ಯಾವುದು ಸೊನ್ನೆ, ನೆನಪಾಗಲಿಲ್ಲ.

ನಾನು ಅರವತ್ತನಾಲ್ಕರ ಮಾತೆತ್ತಿದೆ. ಅಜ್ಜಿ ಬೇಡ ಎಂದಳು.

“ಒಂದೊಂದೇ ಕೀಲಿ ಹಾಕಿ ನೋಡೋದು ಕಳ್ಳರ ಕೆಲಸ. ಅವಳು ಕೇಳೋದು ನಿನ್ನ ಹತ್ರ ಏನಿದೆ ಅಂತ ಅಲ್ಲ, ನಿನಗೆ ಏನು ನೆನಪಿದೆ ಅಂತ. ನನಗೆ ನೆನಪಿಲ್ಲ. ಅಷ್ಟೇ ಬಿಡು.”

ಹಾಳೆಯನ್ನು ಮಡಚಿ ಡಬ್ಬಿಗೆ ಹಾಕಿದಳು. ರಾತ್ರಿಯ ಊಟಕ್ಕೆ ಮೀನು ಸುಟ್ಟಳು, ಚೆನ್ನಾಗಿಯೇ ಸುಟ್ಟಳು. ನಾವಿಬ್ಬರೂ ಅದರ ಬಗ್ಗೆ ಮಾತ್ರ ಮಾತಾಡಿದೆವು.

ಶುಕ್ರವಾರ ನನಗೆ ರಜೆ. ಬೆಳಿಗ್ಗೆ ಮೇಜಿನ ಮುಂದೆ ಕೂತು, ಶೂನ್ಯ ಬಟ್ಟಲಿನ ಬರಹವನ್ನು ತೆಗೆದು ಹಾಕಿ, ಮುನ್ನೂರು ಜನರ ಕ್ಷಮೆ ಕೇಳುವ ಮಾತು ಹುಡುಕುತ್ತಿದ್ದೆ. ತಪ್ಪಿನ ಚಿತ್ರವೂ ಇರಲಿ ಎಂದು ಹಾಳೆಯನ್ನು ಮತ್ತೆ ತೆಗೆದು ಪಕ್ಕದಲ್ಲಿ ಹರಡಿಕೊಂಡಿದ್ದೆ. ಅಜ್ಜಿ ಫೋನಿನ ಹತ್ತಿರ ಎರಡು ಸಲ ಹೋಗಿ ಎರಡು ಸಲ ವಾಪಸ್ಸು ಬಂದಿದ್ದಳು. ಮೂರನೇ ಸಲ ಹೋಗುವಷ್ಟರಲ್ಲಿ ಮೇಲಿನ ಮಹಡಿಯ ನಾಗಿಸಾ ಬಾಗಿಲು ತಟ್ಟಿದಳು. ಅಂಚೆ ಕಚೇರಿಗೆ ಹೋಗಿಬರುತ್ತೇನೆ, ಹತ್ತು ನಿಮಿಷ ಮಗು ನೋಡಿಕೊಳ್ಳುತ್ತೀರಾ ಎಂದು ಕೇಳಿ, ಕಿರುಚುತ್ತಿದ್ದ ಐದು ತಿಂಗಳ ಕೂಸನ್ನು ಅಜ್ಜಿಯ ತೋಳಿಗೆ ಕೊಟ್ಟು ಓಡಿದಳು.

ಅಜ್ಜಿ ಕಿಟಕಿಯ ಬಳಿ ನಿಂತು ಮಗುವಿನ ಬೆನ್ನು ತಟ್ಟುತ್ತ ಹಾಡತೊಡಗಿದಳು. ಅದು ನನ್ನ ಹಾಡು. ಸಣ್ಣವಳಿದ್ದಾಗ ಬೇರೆ ಯಾವ ಹಾಡಿಗೂ ನಾನು ಮಲಗುತ್ತಿರಲಿಲ್ಲವಂತೆ.

ಹೊನೆ ಪಿಮೊ ಪರುಕೊ, ನುಬೆ ಪೊಶಿ ಪುತೊರೊ.

ಅದಕ್ಕೆ ಅರ್ಥವಿಲ್ಲ ಎಂದು ನನಗೆ ಎಂದೂ ಅನಿಸಿರಲಿಲ್ಲ. ಹೊನೆ ಪಿಮೊ ಎಂಬುದು ಒಂದು ಊರು, ಪರುಕೊ ಅಲ್ಲಿಯ ಹುಡುಗಿ, ಅವಳ ಕೂದಲಲ್ಲಿ ಮೀನು ವಾಸವಾಗಿದ್ದವು. ನುಬೆ ಅವಳ ಬೆಕ್ಕು. ಎಷ್ಟೋ ಮಧ್ಯಾಹ್ನ ನಾನು ಆ ಊರಿನಲ್ಲೇ ಇದ್ದೆ. ಈಗಲೂ ಕಣ್ಣು ಹಾಳೆಯ ಮೇಲಿಟ್ಟು ಅಲ್ಲಿಗೇ ಹೊರಟಿದ್ದೆ. ಪರುಕೊ ಬಾಗಿಲು ತೆರೆಯುತ್ತಿದ್ದಳು. ಆಗ ಕಣ್ಣೂ ಕಿವಿಯೂ ಒಂದೇ ಕಡೆ ಬಂದು ಡಿಕ್ಕಿ ಹೊಡೆದವು.

ಹೊ ನೆ ಬಿ ಮೊ ಬ. ರು ಕೊ ನು ಬೆ ಬೊ.

ಹೊ ನೆ ಪಿ ಮೊ ಪ. ರು ಕೊ ನು ಬೆ ಪೊ.

ಹಾಳೆಯಲ್ಲಿ ಐದೈದಾಗಿ ಕತ್ತರಿಸಿ ಕೂತಿದ್ದ ಅಕ್ಷರಗಳು ಅಜ್ಜಿಯ ಬಾಯಲ್ಲಿ ಬೇರೆ ಕಡೆ ಉಸಿರೆಳೆದುಕೊಂಡು ನಡೆಯುತ್ತಿದ್ದವು. ಅದಕ್ಕೇ ನನಗೆ ಗುರುತು ಸಿಕ್ಕಿರಲಿಲ್ಲ. ನಾನು ಪೆನ್ಸಿಲ್ ಹಿಡಿದು ಹಾಳೆಯ ಉದ್ದಕ್ಕೂ ಅವಳ ದನಿಯ ಹಿಂದೆ ಹೋದೆ. ನಲವತ್ತನೆಯ ಅಕ್ಷರಕ್ಕೆ ಹಾಡು ಮುಗಿದು, ಮತ್ತೆ ಮೊದಲಿನಿಂದ ಶುರುವಾಯಿತು. ಆರರಲ್ಲಿ ಐದು ಕಡೆ ಪ, ನುಬೆ ಎಂಬ ಬೆಕ್ಕಿನ ಹೆಗಲಿಗೆ ಮಾತ್ರ ಚುಕ್ಕೆ.

“ಅಜ್ಜಿ, ಈ ಹಾಡು ಎಲ್ಲಿಂದ ಬಂತು?”

“ಎಲ್ಲಿಂದಲೋ. ನಿಂಗೆ ನಿದ್ದೆನೇ ಬರ್ತಿರ್ಲಿಲ್ಲ. ನಂಗೆ ಜೋಗುಳ ಗೊತ್ತಿರ್ಲಿಲ್ಲ. ಬಾಯಿಗೆ ಬಂದಿದ್ದು...”

ಅಲ್ಲಿಗೆ ನಿಲ್ಲಿಸಿದಳು. ನನ್ನ ಮುಂದಿದ್ದ ಹಾಳೆಯನ್ನು ನೋಡಿದಳು. ಮಗುವಿನ ಬೆನ್ನ ಮೇಲಿದ್ದ ಕೈ ಹಾಗೇ ನಿಂತಿತು. ಮಗು ಮುಲುಗಿದಾಗ ಕೈ ಮತ್ತೆ ತಟ್ಟತೊಡಗಿತು. ಅಜ್ಜಿಯ ಕಣ್ಣು ಮಾತ್ರ ಹಾಳೆಯ ಮೇಲೇ ಇತ್ತು.

“ಮರೆತುಬಿಟ್ರೆ ಅಂತ ದಿನಾ ಹೇಳ್ಕೋತಿದ್ದೆ,” ಎಂದಳು ಮೆಲ್ಲಗೆ. “ನಿನ್ನ ಮಲಗಿಸಿ ಆಮೇಲೆ ಆಡಣ ಅಂತ.”

ನಾನು ಯಂತ್ರವನ್ನು ಅವಳಿಗೆ ಕೊಟ್ಟು ಮಗುವನ್ನು ಎತ್ತಿಕೊಂಡೆ. ಹಾಳೆಯನ್ನೂ ಕೊಡಲು ಹೋದೆ. ಬೇಡ ಎಂದು ತಲೆಯಾಡಿಸಿದಳು. ನೆಲದ ಮೇಲೆ ಕಾಲು ಮಡಚಿ ಕೂತು, ಹಾಡುತ್ತ ಹಾಡುತ್ತ ಒಂದೊಂದೇ ಅಕ್ಷರ ಒತ್ತಿದಳು. ಹೊಸ ಯಂತ್ರದ ಗುಂಡಿ ಎಲ್ಲಿದೆ ಎಂದು ಎರಡು ಸಲ ಕೇಳಿದಳು, ಅಕ್ಷರ ಯಾವುದು ಎಂದು ಒಮ್ಮೆಯೂ ಕೇಳಲಿಲ್ಲ. ಮಗು ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತ ನಿದ್ದೆ ಹೋಗಿತ್ತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ದಡದ ಮುದುಕಿ ತಲೆಯೆತ್ತಿದಳು.

ಬಾ ಕಿನು. ತಡವಾಯಿತು. ನಿನ್ನ ದೋಣಿ ಇಲ್ಲೇ ಇದೆ.

ಆರು ದ್ವೀಪಗಳ ಮೇಲೆ ಆರು ದೀಪ ಒಂದರ ಹಿಂದೆ ಒಂದು ಹೊತ್ತಿಕೊಂಡವು. ಅಜ್ಜಿ ಬೇಸಿಗೆಯಲ್ಲಿ ಟಿಕೆಟ್ ಕಿಂಡಿ ಮುಚ್ಚಿ ಮನೆಗೆ ಬಂದಾಗ ಬಿಡುತ್ತಿದ್ದಳಲ್ಲ, ಅಂಥದ್ದೊಂದು ಉಸಿರು ಬಿಟ್ಟಳು. ನನ್ನ ಉಸಿರೂ ಅದರ ಹಿಂದೆಯೇ ಹೋಯಿತು. ಮೂರು ದಿನದಿಂದ ನನ್ನ ಎದೆಯ ಮೇಲೆ ಯಾರೋ ಕೂತಿದ್ದರು, ಎದ್ದು ಹೋದರು.

ಆಮೇಲೆ ಅಜ್ಜಿ ದೋಣಿಯನ್ನು ಏಳನೇ ದ್ವೀಪಕ್ಕೆ ತಿರುಗಿಸಿ, ಒಂದು ನಿಮಿಷದೊಳಗೆ ಬಂಡೆಗೆ ಬಡಿದು, ಒಂದು ದೀಪ ಕಳೆದುಕೊಂಡಳು. ಅದಕ್ಕೆ ಅವಳು ನಕ್ಕ ನಗುವಿಗೆ ಮಗು ಎಚ್ಚರವಾಯಿತು.

“ಈ ಬಂಡೆ ಮೊದ್ಲು ಇಲ್ಲಿರ್ಲಿಲ್ಲ ಕಣೇ.”

“ಇತ್ತು ಅಜ್ಜಿ. ನಾಟಿ ಮಾಡೋರು ಬಂಡೆ ತಂದಿಡಲ್ಲ.”

“ನಿನ್ನ ಪುಟದಲ್ಲಿ ಬರಿ, ಬಂಡೆ ಹೊಸದು ಅಂತ. ಮುನ್ನೂರು ಜನಕ್ಕೆ ಗೊತ್ತಾಗ್ಲಿ.”

ಬರೆಯಲಿಲ್ಲ. ನಾಲ್ಕು ಬಟ್ಟಲು ಕೊಟ್ಟೆ. ಅಕ್ಷರಗಳನ್ನು ದೊಡ್ಡದು ಮಾಡಿದ್ದಾರೆ, ಚುಕ್ಕೆ ಚುಕ್ಕೆಯಾಗಿಯೂ ಸೊನ್ನೆ ಸೊನ್ನೆಯಾಗಿಯೂ ಕಾಣುತ್ತದೆ, ಮುದುಕಿ ಹಳಬರನ್ನು ಮರೆತಿಲ್ಲ ಎಂದು ಬರೆದೆ. ಅಲೆಯ ಸದ್ದು ಸ್ವಲ್ಪ ಹೆಚ್ಚೇ ಚೊಕ್ಕಟವಾಗಿದೆ, ಅದಕ್ಕೆ ಒಂದು ಬಟ್ಟಲು ಕಡಿತ. ಇಸೋಗಾಯ್ ಮಾಮ ಕೆಳಗೆ ಒಂದೇ ಸಾಲು ಬರೆದರು, ಕನ್ನಡಕ ಸಿಕ್ಕಿತಾ ಎಂದು.

ಆದರೆ ಅದು ಸಂಜೆಯ ಮಾತು. ಆ ಬೆಳಿಗ್ಗೆ ನಾಗಿಸಾ ಬಂದು ಮಗುವನ್ನು ಕರೆದುಕೊಂಡು ಹೋದಳು. ಗಡಿಯಾರ ಹನ್ನೊಂದು ದಾಟಿತ್ತು. ಫೋನು ಇದ್ದಲ್ಲೇ ಇತ್ತು. ಗ್ರಂಥಾಲಯ ಮಧ್ಯಾಹ್ನದವರೆಗೆ ಕಾಯುತ್ತದೆ ಎಂದು ನೆನಪಿಸಿದೆ. ಅಜ್ಜಿ ತೆರೆಯಿಂದ ಕಣ್ಣೆತ್ತಲಿಲ್ಲ.

“ನೀನೇ ಫೋನ್ ಮಾಡಿ ಹೇಳು, ಅಜ್ಜಿ ಶನಿವಾರ ಬರ್ತಾಳೆ ಅಂತ. ನಂಗೀಗ ಕೈ ಬಿಡುವಿಲ್ಲ.”